ನಿಮಗಿದು ಗೊತ್ತೇ? ಈ ಸಲದ ಚಾಂಪಿಯನ್ ಹೋರಿ ಯಾವುದು?

ಅಮೆರಿಕದಲ್ಲಿ ಆಗಸ್ಟ್ ಬಂತೆಂದರೆ ಕಾಲೇಜು ಫುಟ್‌ಬಾಲ್ ಹುಚ್ಚರಿಗೆ ಒಂದೇ ಪ್ರಶ್ನೆ: ಶ್ರೇಷ್ಠ ಆಟಗಾರನಿಗೆ ಸಿಗುವ ಹೈಸ್ಮನ್ ಟ್ರೋಫಿ ಈ ವರ್ಷ ಯಾವ ಹುಡುಗನ ಪಾಲು? ಇನ್ನೂ ಒಂದು ಪಂದ್ಯವೂ ನಡೆದಿರುವುದಿಲ್ಲ, ಗೆಲ್ಲುವವರ ಪಟ್ಟಿ ಮಾತ್ರ ಸಿದ್ಧ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಇದೇ ಜ್ವರ ದಸರೆ ಕಳೆದ ಮೇಲೆ ಏರುತ್ತದೆ. ಇಲ್ಲಿ ಆಟಗಾರನಿಗೆ ನಾಲ್ಕು ಕಾಲು, ಎರಡು ಕೋಡು, ಕೊರಳಲ್ಲಿ ಕೊಬ್ಬರಿ ಸರ. ‘ಈ ಸಲ ಯಾವ ಹೋರಿ ಹೆಸರು ಮಾಡತೈತಿ?’ ಎಂದು ಚಹಾದಂಗಡಿಯಲ್ಲಿ ಕೇಳಿ ನೋಡಿ. ಹತ್ತು ಜನ ಇದ್ದರೆ ಹನ್ನೊಂದು ಉತ್ತರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಸಡಗರದ ಸುತ್ತಮುತ್ತಲಿನ ಸಂಗತಿಗಳು ಇಲ್ಲಿವೆ.

ಅಖಾಡದೊಳಗೆ

● ಒಂದೇ ಹಬ್ಬಕ್ಕೆ ಎಷ್ಟು ಹೆಸರು! ಹೋರಿ ಹಬ್ಬ, ಕೊಬ್ಬರಿ ಹೋರಿ ಹಬ್ಬ, ಹೋರಿ ಬೆದರಿಸುವ ಸ್ಪರ್ಧೆ, ದನ ಬೆದರಿಸುವುದು. ಹಾವೇರಿ ಜಿಲ್ಲೆಯ ಉದ್ದಗಲಕ್ಕೂ ಇದು ನಡೆಯುತ್ತದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲೂ ಇದರ ಅಭಿಮಾನಿಗಳಿಗೆ ಕಡಿಮೆಯಿಲ್ಲ.

● ಸೀಸನ್ ಶುರುವಾಗುವುದು ದೀಪಾವಳಿಯ ಬಲಿಪಾಡ್ಯಮಿಗೆ. ಅಂದು ತಮ್ಮೂರಿನಲ್ಲಿ ದನ ಓಡಿಸಿದ ಮೇಲೆ ಊರೂರಿನ ದೊಡ್ಡ ಸ್ಪರ್ಧೆಗಳು ಸಾಲುಗಟ್ಟುತ್ತವೆ. ಸುಗ್ಗಿಯ ಕೆಲಸದ ನಡುವೆಯೇ ತಿಂಗಳುಗಟ್ಟಲೆ ಇದು ಎಳೆಯುತ್ತದೆ. ಆದ್ದರಿಂದ ಒಂದೂರಿನ ಗೆಲುವು ಇಡೀ ವರ್ಷದ ಗೆಲುವಲ್ಲ. ಚೆನ್ನಾಗಿ ಓಡಿದ ಹೋರಿ ಮುಂದಿನ ಊರಲ್ಲೂ ಅದನ್ನೇ ಮಾಡಿ ತೋರಿಸಬೇಕು.

● ಆಟ ಸರಳ. ಎರಡೂ ಕಡೆ ಜನ ತುಂಬಿದ ದಾರಿಯಲ್ಲಿ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಕೊರಳಲ್ಲಿ ಒಣಕೊಬ್ಬರಿಯ ಸರ ಇರುತ್ತದೆ. ಹಿಡಿಯುವ ಹುಡುಗರು ಅದಕ್ಕೆ ಕೈ ಹಾಕುತ್ತಾರೆ. ಹೋರಿ ಯಾರ ಕೈಗೂ ಸಿಗದೆ, ಕೊಬ್ಬರಿ ಬಿಡದೆ ಅಖಾಡ ದಾಟಬೇಕು. ಎಲ್ಲ ಮುಗಿಯಲು ಕೆಲವೇ ಸೆಕೆಂಡು ಸಾಕು. ತಯಾರಿಗೆ ಮಾತ್ರ ಒಂದು ವರ್ಷ.

● ಇಲ್ಲಿ ‘ಶ್ರೇಷ್ಠ ಆಟಗಾರ’ ಎಂದರೆ ಒಬ್ಬನಲ್ಲ, ಇಬ್ಬರು. ಕೊಬ್ಬರಿ ಕೊಡದೆ ಓಡಿದ ಹೋರಿಗೆ ಬಹುಮಾನ. ಓಡುವ ಹೋರಿಯಿಂದ ಕೊಬ್ಬರಿ ಹರಿದ ಪೈಲ್ವಾನನಿಗೂ ಬಹುಮಾನ. ಒಂದೇ ಓಟದಲ್ಲಿ ಇಬ್ಬರೂ ಗೆಲ್ಲಲಾರರು. ಹಾಗಾಗಿ ಹೋರಿಯ ಅಭಿಮಾನಿಗಳು, ಪೈಲ್ವಾನರ ಅಭಿಮಾನಿಗಳು ಬೇಲಿಗೆ ಒಟ್ಟಿಗೇ ಒರಗಿ ನಿಂತರೂ ಬೇಡಿಕೊಳ್ಳುವುದು ಬೇರೆ ಬೇರೆಯನ್ನೇ.

● ಹೋರಿ ಸಿಂಗಾರವಾಗುವುದನ್ನು ಹತ್ತಿರದಿಂದ ನೋಡಬೇಕು. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡಿನ ತುದಿಗೆ ಕೋಡಣಸು ಸಿಕ್ಕಿಸುತ್ತಾರೆ. ಬೆನ್ನಿಗೆ ಕಸೂತಿಯ ಜೂಲ, ಕಾಲಿಗೆ ಗೆಜ್ಜೆ. ಮೇಲೆ ಬಣ್ಣ ಬಣ್ಣದ ಪೀಪಿ, ಬಲೂನು, ಜರಿ ಪಟ್ಟಿ. ಒಣಕೊಬ್ಬರಿ ಬಟ್ಟಲುಗಳಿಗೆ ತೂತು ಕೊರೆದು, ಹುರಿಗೆ ಪೋಣಿಸಿ, ಕೊರಳಿಗೆ ಬಿಗಿಯುವ ಕೆಲಸ ಕೊನೆಗೆ. ಹುರಿ ಸಡಿಲಾದರೆ ಓಡುವಾಗ ಸರ ತಾನಾಗಿಯೇ ಜಾರುತ್ತದೆ. ತೀರಾ ಬಿಗಿಯಾದರೆ ಹೋರಿಗೆ ಉಸಿರು ಕಟ್ಟುತ್ತದೆ. ಆ ಗಂಟು ಹಾಕುವ ಕೆಲಸವನ್ನು ಮನೆಯ ಹಿರಿಯರು ಹುಡುಗರ ಕೈಗೆ ಕೊಡುವುದೇ ಇಲ್ಲ.

● ಬಹುಮಾನದ ಪಟ್ಟಿ ಮದುವೆಯ ಉಡುಗೊರೆ ಪಟ್ಟಿಗೆ ಸಮ: ಬೈಕು, ಬಂಗಾರ, ಫ್ರಿಜ್ಜು, ಟಿ.ವಿ., ತಿಜೋರಿ, ಚಕ್ಕಡಿ, ಸೈಕಲ್ಲು. ಹೋರಿಗೆ ಇವುಗಳಲ್ಲಿ ಯಾವುದೂ ಬೇಕಿಲ್ಲ. ಗೆದ್ದ ದಿನವೂ ಅದಕ್ಕೆ ಸಿಗುವುದು ಹುರುಳಿ, ಹಿಂಡಿ ಮತ್ತು ಬೆನ್ನ ಮೇಲೊಂದು ತಟ್ಟು.

● ಹೋರಿಗೆ ಹೆಸರಿಡುವುದಕ್ಕೂ ಒಂದು ಕ್ರಮವಿದೆ. ಊರ ಹೆಸರು ಮೊದಲು, ಬಿರುದು ಆಮೇಲೆ. ಡಾನ್, ಸುಲ್ತಾನ, ಸರ್ದಾರ, ರಾಕ್ಷಸ, ಎಕ್ಸ್‌ಪ್ರೆಸ್ ಮುಂತಾದ ಬಿರುದುಗಳು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅಖಾಡಗಳಲ್ಲಿ ‘ಅಪ್ಪು’ ಹೆಸರೂ ಚಿತ್ರವೂ ಎದ್ದು ಕಾಣತೊಡಗಿದವು. ಅವರು ತೀರಿಕೊಂಡ ಮರುವಾರವೇ ದೀಪಾವಳಿ ಬಂದಿತ್ತು.

● ಹೆಸರು ಮಾಡಿದ ಹೋರಿ ಸತ್ತರೆ ಊರೇ ಮೆರವಣಿಗೆ ಮಾಡುತ್ತದೆ. ಹೂವಿನ ಹಾರ, ಬ್ಯಾನರು, ಭಜನೆ, ಮಣ್ಣು ಕೊಡಲು ಸಾಲು ನಿಂತ ಜನ. ಕೆಲವು ಹೋರಿಗಳಿಗೆ ಸಮಾಧಿಯನ್ನೂ ಕಟ್ಟಿಸಿದ್ದಾರೆ.

ಭವಿಷ್ಯ ನುಡಿಯುವವರ ಲೆಕ್ಕ

● ಹಲ್ಲು ನೋಡಿ ವಯಸ್ಸು ಹೇಳುವುದು ಮೊದಲ ಪರೀಕ್ಷೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ, ಅಲ್ಲಿರುವುದು ಗಟ್ಟಿ ವಸಡು ಮಾತ್ರ. ಕೆಳದವಡೆಯಲ್ಲಿ ಮುಂದಿನ ಹಲ್ಲು ಎಂಟು. ಎರಡು ವರ್ಷದ ಹೊತ್ತಿಗೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಬರುತ್ತದೆ. ಹೀಗೆ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸುತ್ತಾ ಹೋಗಿ, ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತಾರೆ. ಸಂತೆಯಲ್ಲಿ ಹೋರಿಯ ಜನ್ಮಪತ್ರ ಇರುವುದು ಅದರ ಬಾಯೊಳಗೆ.

● ಸುಳಿ ಎರಡನೇ ಪರೀಕ್ಷೆ. ಹಣೆ, ಹಿಣಿಲು, ಬೆನ್ನು, ಪಕ್ಕೆಗಳಲ್ಲಿ ಕೂದಲು ಸುತ್ತಿಕೊಂಡ ಜಾಗ ನೋಡಿ ಒಳ್ಳೆ ಸುಳಿ, ಕೆಟ್ಟ ಸುಳಿ ಎಂದು ತೀರ್ಪು ಕೊಡುತ್ತಾರೆ. ಕೆಟ್ಟ ಸುಳಿಯ ದನಕ್ಕೆ ಸಂತೆಯಲ್ಲಿ ಬೆಲೆ ಇಳಿಯುತ್ತದೆ. ಅದೇ ದನ ನಾಲ್ಕು ಅಖಾಡ ದಾಟಿ ಬಂದರೆ ಮಾತ್ರ ಸುಳಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ!

● ಮೂರನೆಯದು ಮೇವು. ಹುರುಳಿ, ಹತ್ತಿಕಾಳು, ಹಿಂಡಿ, ಗೋಧಿ, ಬೆಲ್ಲ, ಹಾಲು, ಮೊಟ್ಟೆ. ಜೊತೆಗೆ ಕೆರೆಯಲ್ಲಿ ಈಜು, ಹೊಲದಲ್ಲಿ ಓಟ. ಯಾರ ಹಟ್ಟಿಯಲ್ಲಿ ಏನು ತಿನ್ನಿಸುತ್ತಿದ್ದಾರೆ ಎಂಬುದು ಪಕ್ಕದೂರಿಗೆ ಗೊತ್ತಾಗಲು ಒಂದು ದಿನವೂ ಬೇಡ. ಭವಿಷ್ಯ ಹೇಳುವವರಿಗೆ ಇದೇ ದೊಡ್ಡ ಮಾಹಿತಿ.

● ನಾಲ್ಕನೆಯದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಅಖಾಡ. ನೆಲ ಗಟ್ಟಿಯೋ ಸಡಿಲವೋ, ದಾರಿ ನೇರವೋ ತಿರುವೋ, ಬೆಳಗಿನ ಓಟವೋ ಮಟಮಟ ಮಧ್ಯಾಹ್ನವೋ, ಹಿಡಿಯುವವರು ಆಗತಾನೇ ಬಂದವರೋ ದಣಿದವರೋ. ಗೊರಸು ಊರುವ ಮಣ್ಣು ಬದಲಾದರೆ ಓಟವೂ ಬದಲಾಗುತ್ತದೆ. ಕಳೆದ ವರ್ಷದ ವಿಡಿಯೊ ನೋಡಿ ಈ ವರ್ಷದ ಮಾತು ಹೇಳುವವರು ಸೋಲುವುದು ಇಲ್ಲಿಯೇ.

● ಮೊದಲು ಈ ಚರ್ಚೆ ಕಟ್ಟೆಯ ಮೇಲೆ ನಡೆಯುತ್ತಿತ್ತು, ಈಗ ಮೊಬೈಲಿಗೆ ಬಂದಿದೆ. ಹೋರಿಯ ಹೆಸರಲ್ಲಿ ಅಭಿಮಾನಿ ಬಳಗ, ರೀಲ್ಸು, ಹಿನ್ನೆಲೆಗೆ ಡಿ.ಜೆ. ಹಾಡು. ಹೆಚ್ಚು ಜನ ನೋಡಿದ ಹೋರಿಯೇ ಹೆಚ್ಚು ಓಡುವ ಹೋರಿ ಎಂಬ ನಂಬಿಕೆ ಹೀಗೆ ಬೆಳೆದಿದೆ. ಕೊಬ್ಬರಿ ಹರಿಯುವವನು ಮಾತ್ರ ಲೈಕು ಎಣಿಸಿಕೊಂಡು ಕೈ ಹಾಕುವುದಿಲ್ಲ.

● ಊಹೆ ಹೇಳುವುದಕ್ಕೆ ತಡೆಯಿಲ್ಲ. ಆದರೆ ಅದರ ಮೇಲೆ ದುಡ್ಡು ಕಟ್ಟುವ ಬಾಜಿ ಅಪರಾಧ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಶಿಕ್ಷಾರ್ಹ ಮಾಡಿದೆ.

ಹೋರಿಯ ಕಡೆಯಿಂದ ನೋಡಿದರೆ

● ಕೆಂಪು ಬಟ್ಟೆ ಕಂಡರೆ ಹೋರಿ ಕೆರಳುತ್ತದೆ ಎಂಬುದು ಸುಳ್ಳು. ದನದ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮ್ಮಲ್ಲಿ ಮೂರು. ಕೆಂಪು ನಮಗೆ ಕಂಡಂತೆ ಅದಕ್ಕೆ ಕಾಣುವುದಿಲ್ಲ. ಅದನ್ನು ಬೆದರಿಸುವುದು ಬಟ್ಟೆಯ ಅಲುಗಾಟ.

● ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹೋರಿಗೆ ಸುತ್ತಲಿನ ಸುಮಾರು 330 ಡಿಗ್ರಿಯಷ್ಟು ನೋಟ ಸಿಗುತ್ತದೆ. ಕಾಣದಿರುವುದು ನೇರ ಹಿಂಬದಿಯ ತುಸು ಜಾಗ. ಪಕ್ಕದಿಂದ ಬರುವ ಕೈ ಅದಕ್ಕೆ ಮೊದಲೇ ಕಾಣುತ್ತದೆ. ಅನುಭವಿ ಪೈಲ್ವಾನನಿಗೂ ಕೊಬ್ಬರಿ ಸುಲಭಕ್ಕೆ ಸಿಗದಿರಲು ಇದೂ ಒಂದು ಕಾರಣ.

● ನಾವು ಕೇಳಲಾರದ ಎತ್ತರದ ಸದ್ದನ್ನೂ ದನ ಕೇಳಬಲ್ಲದು. ನಮ್ಮ ಕಿವಿ 20 ಸಾವಿರ ಹರ್ಟ್ಸ್‌ಗೆ ನಿಂತರೆ ಅದರ ಕಿವಿ 35 ಸಾವಿರದ ಆಸುಪಾಸಿಗೆ ಹೋಗುತ್ತದೆ. ಸಿಳ್ಳೆ, ಪೀಪಿ, ಪಟಾಕಿ, ಧ್ವನಿವರ್ಧಕ ಒಟ್ಟಾಗಿ ಬಿದ್ದಾಗ ಆ ಕಿವಿಗೆ ಏನಾಗಬೇಡ?

● ಮನುಷ್ಯನ ಬೆರಳಚ್ಚಿನ ಹಾಗೆ ದನದ ಮೂಗಿನ ಮೇಲಿನ ಗೆರೆಗಳೂ ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಬಣ್ಣ ಬಳಿದು, ಹೆಸರು ಬದಲಿಸಿ ಹೋರಿ ತಂದರೂ ಮೂಗು ಸುಳ್ಳು ಹೇಳುವುದಿಲ್ಲ.

● ಓಟಕ್ಕೆ ಹೆಸರಾದ ನಮ್ಮ ತಳಿಗಳೆಂದರೆ ಹಳ್ಳಿಕಾರ್, ಅಮೃತಮಹಲ್, ಖಿಲ್ಲಾರಿ. ಮೈಸೂರಿನ ಅರಸರ ಕಾಲದ ದನಗಳ ಇಲಾಖೆಯಾದ ‘ಬೆಣ್ಣೆ ಚಾವಡಿ’ಗೆ ‘ಅಮೃತಮಹಲ್’ ಎಂದು ಹೆಸರು ಬದಲಿಸಿದವನು ಟಿಪ್ಪು ಸುಲ್ತಾನ. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ. ಹಳ್ಳಿಕಾರ್ ತಳಿಗೆ ಅಂಚೆಚೀಟಿಯ ಗೌರವವೂ ಸಿಕ್ಕಿದೆ, 2000ನೇ ಇಸವಿಯಲ್ಲಿ.

ನಾಲ್ಕು ತಾಲ್ಲೂಕು, ನಾಲ್ಕು ಮಾತು

● ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿ. ಶಾಸನಗಳಲ್ಲಿ ಇದರ ಹೆಸರು ಪಾನುಂಗಲ್. ವಿರಾಟನಗರಿ, ವಿರಾಟಕೋಟೆ ಎಂಬ ಹೆಸರುಗಳೂ ಬರುತ್ತವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ಊರವರ ನಂಬಿಕೆ. ಹಾಗಾದರೆ ಕೌರವರು ವಿರಾಟನ ದನ ಹೊಡೆದುಕೊಂಡು ಹೋದದ್ದೂ ಇಲ್ಲಿಂದಲೇ! ಅಂದು ಅಂತಃಪುರದಲ್ಲಿ ಕೂತು ‘ನಾನೊಬ್ಬನೇ ಸಾಕು’ ಎಂದವನು ಉತ್ತರಕುಮಾರ. ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದವನೂ ಅವನೇ. ದನ ಬಿಡಿಸಿ ತಂದದ್ದು ಯಾರ ಲೆಕ್ಕದಲ್ಲೂ ಇರದ ಬೃಹನ್ನಳೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಸೀಸನ್ನಿಗೆ ಮುಂಚಿನ ಎಲ್ಲ ಭವಿಷ್ಯಗಳಿಗೂ ಸಲ್ಲುತ್ತದೆ.

● ಅದೇ ಹಾನಗಲ್ಲಿಗೆ 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದ. ಆನೆಕೆರೆಯ ಬಳಿ ಬೀಡುಬಿಟ್ಟ ಅವನನ್ನು ಕದಂಬ ಕಾಮದೇವನ ಸೇನೆ ಆ ಸಲ ಹಿಮ್ಮೆಟ್ಟಿಸಿತು. ಕಾಮದೇವನ ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಪ್ರಾಣ ಬಿಟ್ಟ. ಆ ಕಾಲದ ವೈಯಕ್ತಿಕ ಪ್ರಶಸ್ತಿ ಎಂದರೆ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ದನಗಳನ್ನು ಕಾಯಲು ಹೋರಾಡಿ ಸತ್ತವರಿಗೂ ನಾಡಿನ ತುಂಬ ಇಂಥ ಕಲ್ಲುಗಳಿವೆ. ಕೆಲಸ ಮುಗಿಸಿದವನಿಗಷ್ಟೇ ಕಲ್ಲು ಸಿಗುತ್ತಿತ್ತು, ಮುಂಗಡವಾಗಿ ಯಾರಿಗೂ ಕೆತ್ತುತ್ತಿರಲಿಲ್ಲ.

● ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವೂ ಶಿಲ್ಪಗಳೂ ಇವೆ. ವಾದಕ್ಕೆ ನಿಂತ ರಾಮಯ್ಯ ತನ್ನ ತಲೆಯನ್ನೇ ಪಣಕ್ಕಿಟ್ಟು, ಕತ್ತರಿಸಿ ಶಿವನಿಗೆ ಒಪ್ಪಿಸಿ, ಮತ್ತೆ ಪಡೆದನಂತೆ. ಪಣದ ಕರಾರನ್ನು ಎದುರಾಳಿಗಳಿಂದ ಮೊದಲೇ ಓಲೆಯಲ್ಲಿ ಬರೆಸಿಕೊಂಡನೆಂದೂ ಶಾಸನ ಹೇಳುತ್ತದೆ. ಆಮೇಲೆ ‘ನಾನು ಹಾಗೆ ಹೇಳಿಯೇ ಇಲ್ಲ’ ಎನ್ನುವವರು ಆಗಲೂ ಇದ್ದಿರಬೇಕು.

● ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ದಂಡನಾಯಕನಾಗಿದ್ದವರು ಯುದ್ಧದಲ್ಲಿ ಗಾಯಗೊಂಡು ಉಳಿದ ಮೇಲೆ ಹರಿದಾಸರಾದರೆಂದು ಐತಿಹ್ಯ. ತಿಮ್ಮಪ್ಪನಾಯಕ ಕತ್ತಿ ಇಟ್ಟು ತಂಬೂರಿ ಹಿಡಿಯುತ್ತಾನೆಂದು ಬಾಡದಲ್ಲಿ ಯಾರು ಊಹಿಸಿದ್ದರು? ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಹೋರಿ ಹಬ್ಬವನ್ನು ಅಭ್ಯಾಸ ಮಾಡುವವರಿಗೆ ಅಖಾಡವೂ ಗ್ರಂಥಾಲಯವೂ ಕೂಗಳತೆಯಲ್ಲಿ.

● ಸವಣೂರಿನ ಹೆಸರು ನವಾಬರಿಂದ, ವೀಳ್ಯದೆಲೆಯಿಂದ, ಖಾರದಿಂದ ಗೊತ್ತು. ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿಯೊಂದರ ಪಟ್ಟಿಯಲ್ಲೂ ಈ ಊರಿದೆ. 1909ರಲ್ಲಿ ಇಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1990ನೇ ಸಾಲಿನ ಜ್ಞಾನಪೀಠ ಪಡೆದರು. ಕನ್ನಡಕ್ಕೆ ಅದು ಐದನೆಯದು.

ಕಡಲಾಚೆಯ ಹೈಸ್ಮನ್

● ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಬೇಕು. ಹೈಸ್ಮನ್ ಟ್ರೋಫಿಯ ಕಂಚಿನ ಮೂರ್ತಿಯೂ ಅದೇ ಭಂಗಿಯಲ್ಲಿದೆ: ಒಂದು ಕೈಲಿ ಚೆಂಡು, ಇನ್ನೊಂದು ಕೈ ಮುಂದೆ ಚಾಚಿ ಅಡ್ಡ ಬಂದವನನ್ನು ತಳ್ಳುವುದು. ಹಾನಗಲ್ಲಿನ ಹುಡುಗನಿಗೆ ತೋರಿಸಿದರೆ ಆಟ ತಾನಾಗಿಯೇ ಅರ್ಥವಾಗುತ್ತದೆ. ಚೆಂಡಿದ್ದಲ್ಲಿ ಕೊಬ್ಬರಿ ಎಂದುಕೊಂಡರೆ ಮುಗಿಯಿತು.

● ಮೊದಲ ಪ್ರಶಸ್ತಿ ಸಿಕ್ಕಿದ್ದು 1935ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್‌ಗೆ. ಮುಂದಿನ ವರ್ಷ ವೃತ್ತಿಪರ ಲೀಗಿನ ಮೊತ್ತಮೊದಲ ಆಯ್ಕೆಯಲ್ಲಿ ಮೊದಲನೇ ಹೆಸರೂ ಅವನದೇ. ಆದರೆ ಆ ಲೀಗಿನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ಟ್ರೋಫಿಯನ್ನು ಚಿಕ್ಕಮ್ಮ ಬಾಗಿಲು ಮುಚ್ಚದಂತೆ ತಡೆಯಲು ಇಟ್ಟುಕೊಂಡಿದ್ದರಂತೆ!

● ಇದುವರೆಗೆ ಎರಡು ಸಲ ಗೆದ್ದವನು ಒಬ್ಬನೇ, ಒಹಾಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್, 1974 ಮತ್ತು 1975ರಲ್ಲಿ. ‘ಕಳೆದ ವರ್ಷ ಗೆದ್ದವನೇ ಈ ವರ್ಷವೂ’ ಎಂದು ಹೇಳುವವರಿಗೆ ಅರ್ಧ ಶತಮಾನದಿಂದ ನಿರಾಶೆಯೇ ಗತಿ.

● 2019ರ ಸೀಸನ್ನಿಗೆ ಮುಂಚೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ (ಎಲ್‌ಎಸ್‌ಯು) ತಂಡದ ಜೋ ಬರೋ ಮೇಲೆ ಬುಕ್ಕಿಗಳು ಇಟ್ಟಿದ್ದ ದರ ಒಂದಕ್ಕೆ ಇನ್ನೂರು. ಡಿಸೆಂಬರಿನ ಮತದಾನದಲ್ಲಿ ಅವನು ಗೆದ್ದದ್ದು 1,846 ಅಂಕಗಳ ಅಂತರದಿಂದ. ಪ್ರಶಸ್ತಿಯ ಇತಿಹಾಸದಲ್ಲೇ ಅದು ದಾಖಲೆ.

● ದೊಡ್ಡ ಮನೆತನದ ಹೆಸರು ಮತ ತರುತ್ತದೆಯೇ? 1997ರಲ್ಲಿ ಎಲ್ಲರ ಬಾಯಲ್ಲೂ ಪೇಟನ್ ಮ್ಯಾನಿಂಗ್ ಹೆಸರಿತ್ತು. ಗೆದ್ದವನು ಚಾರ್ಲ್ಸ್ ವುಡ್ಸನ್. 2025ರಲ್ಲಿ ಪೇಟನ್ನನ ಅಣ್ಣನ ಮಗ ಆರ್ಚ್ ಮ್ಯಾನಿಂಗ್ ಪಟ್ಟಿಗಳ ತುದಿಯಲ್ಲಿದ್ದ. ಗೆದ್ದವನು ಇಂಡಿಯಾನಾದ ಫರ್ನಾಂಡೊ ಮೆಂಡೋಜಾ, ಆ ವಿಶ್ವವಿದ್ಯಾಲಯಕ್ಕೆ ಮೊದಲ ಹೈಸ್ಮನ್ ತಂದವನು.

● ಆರ್ಚ್ ಆಡುವ ಟೆಕ್ಸಸ್ ತಂಡದ ಗುರುತು ಉದ್ದ ಕೋಡಿನ ಜೀವಂತ ಎತ್ತು. ಹೆಸರು ಬೆವೊ. 1916ರಿಂದ ಒಂದರ ನಂತರ ಒಂದು ಎತ್ತು ಇದೇ ಹೆಸರಿನಲ್ಲಿ ಮೈದಾನಕ್ಕೆ ಬರುತ್ತಿದೆ. 2019ರ ಜನವರಿ 1ರಂದು 15ನೇ ಬೆವೊ ತಡೆಬೇಲಿ ಮುರಿದು ಎದುರು ತಂಡದ ಗುರುತಾದ ನಾಯಿಯ ಮೇಲೆ ನುಗ್ಗಿತ್ತು. ಬೇಲಿ ಎಷ್ಟು ಗಟ್ಟಿ ಇರಬೇಕೆಂದು ಹಿರೇಕೆರೂರಿನವರನ್ನು ಕೇಳಿದ್ದರೆ ಹೇಳುತ್ತಿದ್ದರು.

● ಹೈಸ್ಮನ್ ತೀರ್ಮಾನ ಮತದಿಂದ. 870 ಪತ್ರಕರ್ತರು, ಹಿಂದಿನ ವಿಜೇತರು, ಜೊತೆಗೆ ಅಭಿಮಾನಿಗಳೆಲ್ಲರ ಪರವಾಗಿ ಒಂದೇ ಒಂದು ಮತ. ಮೊದಲ ಆಯ್ಕೆಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ನಮ್ಮ ಅಖಾಡದಲ್ಲಿ ಮತಪತ್ರವಿಲ್ಲ. ಕೊಬ್ಬರಿ ಉಳಿಯಿತೋ ಹರಿಯಿತೋ ಎಂಬುದನ್ನು ಕಮಿಟಿಯವರ ಜೊತೆ ಸಾವಿರಾರು ಕಣ್ಣುಗಳು ನೋಡಿರುತ್ತವೆ. ಜಗಳ ಮಾತ್ರ ಎರಡೂ ಕಡೆ ತಪ್ಪಿದ್ದಲ್ಲ.

ನಮ್ಮವರೂ ಲೆಕ್ಕ ತಪ್ಪಿಸಿದ್ದಾರೆ

● 1983ರ ಕ್ರಿಕೆಟ್ ವಿಶ್ವಕಪ್ಪಿಗೆ ಹೊರಟ ಭಾರತದ ಮೇಲೆ ಬುಕ್ಕಿಗಳ ದರ ಒಂದಕ್ಕೆ ಅರವತ್ತಾರು, ಬಂದದ್ದು ಕಪ್ ಗೆದ್ದು. ಆ ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ, 18 ವಿಕೆಟ್. ಟೂರ್ನಿಗೆ ಮುಂಚೆ ಬೌಲರುಗಳ ಸಾಲಿನಲ್ಲಿ ಅವರನ್ನು ಮೊದಲಿಗೆ ನಿಲ್ಲಿಸಿದವರು ಕಡಿಮೆ.

● 1999ರಲ್ಲಿ ನೈರೋಬಿಯಲ್ಲಿ ನಡೆದ ಎಲ್‌ಜಿ ಕಪ್ಪಿನಲ್ಲಿ ಮೊದಲ ಸಲ ಭಾರತಕ್ಕೆ ಆಡಿದ ಕರ್ನಾಟಕದ ವಿಜಯ್ ಭಾರದ್ವಾಜ್ ಸರಣಿ ಶ್ರೇಷ್ಠರಾದರು. ಕನ್ನಡಕ ಹಾಕಿಕೊಂಡು ಆಡುತ್ತಿದ್ದ ಅವರನ್ನು ರಾಜ್ಯದ ಹೊರಗೆ ಆಗ ಬಲ್ಲವರೇ ಕಡಿಮೆ.

● ಪ್ರೊ ಕಬಡ್ಡಿಯ ಹರಾಜೂ ಒಂದು ಬಗೆಯ ಭವಿಷ್ಯವಾಣಿಯೇ, ದುಡ್ಡಿಟ್ಟು ಹೇಳುವಂಥದ್ದು. ಆರನೇ ಸೀಸನ್ನಿನ ಹರಾಜಿನಲ್ಲಿ ಆರು ಮಂದಿ ಕೋಟಿ ಮುಟ್ಟಿದರು. ಅವರಲ್ಲಿ ಪವನ್ ಸೆಹ್ರಾವತ್ ಹೆಸರಿರಲಿಲ್ಲ. 2019ರ ಜನವರಿ 5ರ ಫೈನಲ್‌ನಲ್ಲಿ ಅವರೊಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆಲ್ಲಿಸಿದರು. ಸೀಸನ್ನಿನ ಅತ್ಯಮೂಲ್ಯ ಆಟಗಾರನೂ ಅವರೇ. ತಂಡದ ಹೆಸರಲ್ಲೂ ಹೋರಿ ಇದೆ, ನೋಡಿ.

● 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಪತ್ರಿಕೆಗಳು ಬರೆದವು. ಉಸೇನ್ ಬೋಲ್ಟ್ ದಾಖಲೆ 9.58. ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರೂ ಗೌಡರು ಹೋಗಲಿಲ್ಲ, ಕೆಸರುಗದ್ದೆಯೇ ಸಾಕೆಂದರು. ಕೋಣದ ಎಳೆತದ ಓಟವನ್ನು ಟ್ರ್ಯಾಕಿನ ಓಟದ ಜೊತೆ ತೂಗಲಾಗದು ಎಂದು ಓಡಿದವರಿಗೆ ಗೊತ್ತಿತ್ತು, ಬರೆದವರಿಗೆ ಗೊತ್ತಿರಲಿಲ್ಲ.

ಕೋರ್ಟು, ಕಾನೂನು, ಬೇಲಿ

● 2011ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. ಕರಡಿ, ಕೋತಿ, ಹುಲಿ, ಸಿಂಹಗಳ ಸಾಲಿನಲ್ಲಿ ಹೋರಿ! 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳನ್ನು ನಿಷೇಧಿಸಿತು.

● 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತು. ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಗಳಿಗೆ ಷರತ್ತಿನ ಮೇಲೆ ಅವಕಾಶ ಸಿಕ್ಕಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು.

● 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅವಕಾಶ ಸಿಕ್ಕಿದ್ದು ನಿಯಮ ಪಾಲಿಸುವ ಸ್ಪರ್ಧೆಗೆ. ಬೇಕಾಬಿಟ್ಟಿ ಓಡಿಸುವುದಕ್ಕೆ ಅನುಮತಿ ಕೊಟ್ಟಿಲ್ಲ.

● ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ, ವೆಲ್ಲೂರು ಕಡೆ ಹೋರಿ ಹಬ್ಬಕ್ಕೊಂದು ಸೋದರ ಹಬ್ಬವಿದೆ, ‘ಎರುದು ವಿಡುಂ ವಿಳಾ’. ಅಲ್ಲಿ ಮುಖ್ಯವಾದುದು ನಿಗದಿತ ದೂರವನ್ನು ಹೋರಿ ಎಷ್ಟು ಸೆಕೆಂಡಿನಲ್ಲಿ ಮುಗಿಸಿತು ಎಂಬುದು. ಗಡಿಯಾರ ಇರುವಲ್ಲಿ ವಾದ ಕಡಿಮೆ.

● ಹೋರಿ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕವರೆಲ್ಲ ಪೈಲ್ವಾನರಲ್ಲ. ದಾರಿಬದಿ ನಿಂತು ನೋಡುತ್ತಿದ್ದವರು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದವರು, ಹಬ್ಬಕ್ಕೆ ಸಂಬಂಧವೇ ಇಲ್ಲದೆ ಬೀದಿಯಲ್ಲಿ ಹೋಗುತ್ತಿದ್ದವರು ಪ್ರಾಣ ಕಳೆದುಕೊಂಡ ಸುದ್ದಿಗಳು ಈ ಜಿಲ್ಲೆಯಿಂದಲೇ ಬಂದಿವೆ. ಯಾವ ಪರಿಣತನ ಭವಿಷ್ಯದಲ್ಲೂ ಆ ಹೆಸರುಗಳು ಇರುವುದಿಲ್ಲ.

ಹಾಗಾದರೆ ಈ ಸಲ ಯಾವುದು?

ಸೀಸನ್ನಿಗೆ ಮುಂಚಿನ ಪಟ್ಟಿ ಹೇಳುವುದು ಯಾವ ಹೆಸರು ದೊಡ್ಡದೆಂಬುದನ್ನು. ಯಾವ ಕಾಲು ಗಟ್ಟಿಯೆಂದು ಹೇಳುವುದು ಅಖಾಡ. ವಿರಾಟನಗರಿಯಿಂದ ಟೆಕ್ಸಸ್ಸಿನ ತನಕ ಇದು ಬದಲಾಗಿಲ್ಲ. ಆದರೂ ಊಹಿಸುವ ಸುಖ ಬಿಡಬೇಕಿಲ್ಲ. ಬರುವ ಬಲಿಪಾಡ್ಯಮಿಗೆ ನಿಮ್ಮ ಮೆಚ್ಚಿನ ಮೂರು ಹೋರಿಗಳ ಹೆಸರು ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಗೆಳೆಯರ ಸಹಿ ಮಾಡಿಸಿ ಇಡಿ. ಓಲೆ ಬರೆಸಿಕೊಂಡ ಅಬಲೂರಿನ ಬುದ್ಧಿ ಇದು. ಸೀಸನ್ ಮುಗಿದ ಮೇಲೆ ತೆಗೆದು ನೋಡಿ. ಅಖಾಡಕ್ಕೆ ಹೋದಾಗ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮುಂದೆ ನಿಲ್ಲಬೇಡಿ. ಬೇಲಿಯ ಹಿಂದೆ ನಿಂತು ನೋಡಿ. ನಿಮ್ಮ ಊಹೆ ತಪ್ಪಿದರೆ ನಾಲ್ಕು ಜನ ನಗುತ್ತಾರೆ, ಅಷ್ಟೆ. ನಿಂತ ಜಾಗ ತಪ್ಪಬಾರದು.